ಡಬ್ಬಿಯ ಪಹರೆ

ದಿಗ್ಗೇವಾಡಿಯಲ್ಲಿ ಒಂದು ಪ್ರಯೋಗಾಲಯವಿದೆ ಎಂಬ ಸಂಗತಿ ಮೊದಲು ಗೊತ್ತಾದದ್ದು ನಾರ್ವೆ ದೇಶಕ್ಕೆ. ದಿಗ್ಗೇವಾಡಿಗೆ ಗೊತ್ತಾಗಲು ಇನ್ನೂ ಒಂಬತ್ತು ದಿನ ಹಿಡಿಯಿತು. ಪ್ರಯೋಗಾಲಯ ಯಾವ ಮನೆಯೊಳಗಿತ್ತೋ ಆ ಮನೆಯ ಗೌರಾಬಾಯಿಗೂ ನಾರ್ವೆಯಿಂದ ಉತ್ತರ ಬಂದ ಮೇಲೆಯೇ ಗೊತ್ತಾಯಿತು.

ಸದರಿ ಪ್ರಯೋಗಾಲಯದ ಅಳತೆ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಕಿಟಕಿ ಒಂದು. ಒಳಗೆ ಎರಡು ಚೀಲ ಜೋಳ, ಒಂದು ಟೇಬಲ್, ಟೇಬಲ್ ಮೇಲೆ ಹದಿನೇಳು ಕಿಲೋ ತೂಕದ, ಬೂದು ಬಣ್ಣದ ಒಂದು ಕಂಪ್ಯೂಟರ್. ನಿರ್ದೇಶಕ, ವಿಜ್ಞಾನಿ, ಕಸ ಗುಡಿಸುವವ, ಈ ಮೂರೂ ಹುದ್ದೆಗಳಲ್ಲಿ ಇದ್ದವರು ಒಬ್ಬರೇ, ಗೌರಾಬಾಯಿಯ ಗಂಡ ಧೂಳಪ್ಪ.

ಧೂಳಪ್ಪನವರಿಗೆ ಐವತ್ನಾಲ್ಕು ವರ್ಷ. ಮೂವತ್ತು ವರ್ಷ ಟಿ.ವಿ. ರಿಪೇರಿ ಮಾಡಿದವರು. ಜನ ಟಿ.ವಿ. ರಿಪೇರಿ ಮಾಡಿಸುವುದನ್ನು ಬಿಟ್ಟ ಮೇಲೆ, ಯಾರೂ ಕೇಳದ ವಸ್ತುಗಳನ್ನು ರಿಪೇರಿ ಮಾಡತೊಡಗಿದರು. ಈ ಕಂಪ್ಯೂಟರನ್ನು ಅವರು ರಾಯಬಾಗದ ಗುಜರಿ ವ್ಯಾಪಾರಿ ಕುನಾಲನಿಂದ ತಂದು ಮೂರು ವರ್ಷವಾಗಿತ್ತು. ಅದನ್ನು ತಯಾರಿಸಿದ ಕಂಪನಿ ಎಂದೋ ಮುಚ್ಚಿತ್ತು. ಅಂಥ ಪ್ರೊಸೆಸರನ್ನು ಜಗತ್ತಿನಲ್ಲಿ ಈಗ ಯಾರೂ ತಯಾರಿಸುವುದಿಲ್ಲ. ಧೂಳಪ್ಪನವರಿಗೆ ಅದರ ಮೇಲೆ ಜೀವವಿದ್ದದ್ದೂ ಅದಕ್ಕಾಗಿಯೇ.

ಇಲ್ಲೊಂದು ವಿವರಣೆ ಅಗತ್ಯ. ಯಾವ ಕಂಪ್ಯೂಟರ್ ನಡೆಯಬೇಕಾದರೂ ಅದರೊಳಗೆ ಕರ್ನಲ್ ಎಂಬ ಮೂಲ ತಂತ್ರಾಂಶ ಇರಬೇಕು. ಒಳಗಿನ ನೂರಾರು ಕೆಲಸಗಳಲ್ಲಿ ಯಾವುದಕ್ಕೆ ಎಷ್ಟು ಹೊತ್ತು ಎಂದು ಪಾಳಿ ಹಂಚುವುದು ಅದರ ಕೆಲಸ. ಹಳೆಯ ಯಂತ್ರಗಳಿಗೂ ಹೊಸ ಕರ್ನಲ್ ಕಟ್ಟಿ ಪುಕ್ಕಟೆ ಹಂಚುವ ಸ್ವಯಂಸೇವಕರು ಜಗತ್ತಿನಲ್ಲಿದ್ದಾರೆ. ಅಂಥದೊಂದು ಗುಂಪು ಜನವರಿಯಲ್ಲಿ ಪ್ರಕಟಣೆ ಹೊರಡಿಸಿತು. ಧೂಳಪ್ಪನವರ ಬಳಿ ಇದ್ದಂಥ ಯಂತ್ರದ ಮೇಲೆ ಕರ್ನಲ್ಲನ್ನು ಪರೀಕ್ಷಿಸಿ ನೋಡುವವರು ಎರಡು ವರ್ಷದಿಂದ ಯಾರೂ ಇಲ್ಲ. ಹೀಗಾಗಿ ಅದಕ್ಕೆ ಸಂಬಂಧಿಸಿದ ಭಾಗವನ್ನೆಲ್ಲ ತೆಗೆದುಹಾಕಲಾಗುವುದು.

ಧೂಳಪ್ಪ ಮೊಬೈಲಿನ ಅನುವಾದದ ಸಹಾಯದಿಂದ ಒಂದು ಮೇಲ್ ಬರೆದರು. ‘ನಮ್ಮಲ್ಲಿ ಈ ಯಂತ್ರ ಇದೆ’ ಎಂದಿಷ್ಟೇ ಬರೆದಿದ್ದರೆ ಸಾಕಿತ್ತು. ಬರೆದು ನೋಡಿದಾಗ ಅದು ಬಹಳ ಬಡವಾಗಿ ಕಂಡಿತು. ಕೆಳಗೆ ‘ದಿಗ್ಗೇವಾಡಿ ಟೆಸ್ಟಿಂಗ್ ಲ್ಯಾಬೋರೇಟರಿ’ ಎಂದು ಸೇರಿಸಿದರು. ಅದರ ಕೆಳಗೆ ‘ಇಪ್ಪತ್ತನಾಲ್ಕು ತಾಸು ಸಿಬ್ಬಂದಿ ಸೇವೆ’ ಎಂದೂ ಸೇರಿಸಿದರು. ಈ ಕೊನೆಯ ಸಾಲು ರಾಯಬಾಗದ ಒಂದು ದವಾಖಾನೆಯ ಬೋರ್ಡಿನದು.

ಗುಂಪಿನ ಹಿರಿಯಳಾದ ಇನ್‌ಗ್ರಿಡ್ ಎಂಬ ನಾರ್ವೆಯ ಮಹಿಳೆ ಮರುದಿನವೇ ಉತ್ತರ ಬರೆದಳು. ಇಪ್ಪತ್ತನಾಲ್ಕು ತಾಸು ಸಿಬ್ಬಂದಿ ಇರುವ ಪ್ರಯೋಗಾಲಯ ಸಿಕ್ಕದ್ದು ತಮ್ಮ ಭಾಗ್ಯ. ಹೊಸ ಕರ್ನಲ್ಲನ್ನು ಆ ಯಂತ್ರದಲ್ಲೇ ಕಟ್ಟಿ, ಏಳು ದಿನ ನಿಲ್ಲಿಸದೆ ನಡೆಸಿ ನೋಡಬೇಕು. ಈ ಯಂತ್ರ ಕೆಟ್ಟು ನಿಂತರೆ ಕಾರಣವನ್ನು ಎಲ್ಲಿಯೂ ಉಳಿಸುವುದಿಲ್ಲ, ಕೊನೆಯ ಗಳಿಗೆಯಲ್ಲಿ ಪರದೆಯ ಮೇಲೆ ನಾಲ್ಕು ಸಾಲು ಮೂಡಿಸಿ ಆರಿಹೋಗುತ್ತದೆ. ಆದ್ದರಿಂದ ಏಳು ದಿನವೂ ಪರದೆಯ ಮುಂದೆ ಒಬ್ಬರು ಇರಲೇಬೇಕು. ಫೆಬ್ರುವರಿ ಇಪ್ಪತ್ತೈದರೊಳಗೆ ವರದಿ ಬಂದರೆ ಯಂತ್ರ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಈ ಮೇಲನ್ನು ಧೂಳಪ್ಪ ನಡುಮನೆಯಲ್ಲಿ ಗಟ್ಟಿಯಾಗಿ ಓದಿದ್ದರಿಂದ ಗೌರಾಬಾಯಿಗೂ ಪ್ರಯೋಗಾಲಯದ ವಿಷಯ ತಿಳಿಯಿತು.

“ಲ್ಯಾಬೋರೇಟರಿ?” ಎಂದರು ಆಕೆ. “ಎಲ್ಲಿ ಐತ್ರಿ ಅದು?”

“ಜ್ವಾಳದ ಖೋಲಿ.”

“ನಡೀರಿ, ಛಲೋ ಆತು. ನಿಪ್ಪಾಣಿಯಿಂದ ನನ್ನ ಶ್ಯಾವಿಗಿ ಮಷೀನ ಮಾರ್ಚಕ್ಕ ಬರ್ತೈತಿ. ಅದನ್ನ ಇಡೂದು ಅದ ಖೋಲ್ಯಾಗ.”

“ಆಕಿ ಏಳು ದಿವಸ ನಡಸಿ ತೋರಸ್ರಿ ಅಂದಾಳ.”

“ಮೂರು ವರ್ಷ ಆತು, ಏಳು ನಿಮಿಷ ನಡದಿದ್ದು ನಾ ನೋಡಿಲ್ಲ. ಇಪ್ಪತ್ತೈದಕ್ಕ ಆ ನಾರ್ವೆ ಬಾಯಿ ಬ್ಯಾಡ ಅಂದಳಂದ್ರ ಇಪ್ಪತ್ತೈದಕ್ಕ ಕುನಾಲನ ಟೆಂಪೋ ಬರ್ತೈತಿ. ನಾ ಫೋನ್ ಮಾಡಿ ಇಟ್ಟಿರ್ತೀನಿ.”

ಹೀಗೆ ಒಂದೇ ತಾರೀಖು ಎರಡು ದೇಶಗಳಲ್ಲಿ ನಿಗದಿಯಾಯಿತು.

ಏಳು ದಿನ ಕಣ್ಣು ಮುಚ್ಚದೆ ಕೂರುವುದು ಒಬ್ಬರಿಂದ ಆಗದ ಮಾತು. ಧೂಳಪ್ಪ ಬಹಳ ವಿಚಾರ ಮಾಡಿ ಮುರಗೆಪ್ಪನವರ ಮನೆಗೆ ಹೋದರು. ಮುರಗೆಪ್ಪ ಊರಿನ ಏತ ನೀರಾವರಿ ಸಂಘದಲ್ಲಿ ನೀರಿನ ಪಾಳಿ ಬರೆಯುವವರು. ವರ್ಷಕ್ಕೊಮ್ಮೆ ನಡೆಯುವ ಭಜನೆಯ ಸಪ್ತಾಹದಲ್ಲಿ ವೀಣೆಯ ಪಹರೆ ಹಚ್ಚುವವರೂ ಅವರೇ. ಸಪ್ತಾಹದಲ್ಲಿ ಏಳು ದಿನ ವೀಣೆ ನೆಲ ಮುಟ್ಟುವಂತಿಲ್ಲ. ಒಬ್ಬರ ಕೊರಳಿನಿಂದ ಇನ್ನೊಬ್ಬರ ಕೊರಳಿಗೆ, ಎರಡೆರಡು ತಾಸಿಗೊಮ್ಮೆ ದಾಟುತ್ತಲೇ ಇರಬೇಕು.

ಧೂಳಪ್ಪ ಕಾಲು ತಾಸು ಪ್ರೊಸೆಸರಿನ ಇತಿಹಾಸ ಹೇಳಿದರು. ಮುರಗೆಪ್ಪನವರಿಗೆ ಆಕಳಿಕೆ ಬಂತು.

“ಅದೆಲ್ಲಾ ಇರ್ಲಿ. ಎಷ್ಟು ದಿವಸದ ಕೆಲಸಾ?”

“ಏಳು ದಿವಸ.”

“ಅಖಂಡ?”

“ನಡುವ ನಿಂದರೂ ಹಂಗಿಲ್ಲ.”

“ಮುಂದ ಒಬ್ಬರು ಇರಬೇಕು?”

“ಹಗಲೂ ರಾತ್ರಿ ಇರಬೇಕು.”

ಮುರಗೆಪ್ಪ ನೆಟ್ಟಗೆ ಕುಳಿತರು. “ಧೂಳಪ್ಪಾ, ಇದನ್ನ ಮೊದಲ ಹೇಳಬೇಕೋ ಬ್ಯಾಡೋ? ಪಹರೆ ಅನ್ನು! ಸುಮ್ನ ಪ್ರೊಸೆಸರ ಗಿಸೆಸರ ಅಂತ ತಲಿ ತಿಂದಿ.”

ಏಳು ದಿನಕ್ಕೆ ಎಂಬತ್ನಾಲ್ಕು ಪಾಳಿ. ಮುರಗೆಪ್ಪ ಅದನ್ನು ಹನ್ನೆರಡು ಜನಕ್ಕೆ ಹಂಚಿದ್ದು ಹನ್ನೆರಡೇ ನಿಮಿಷದಲ್ಲಿ. ಇಷ್ಟು ವೇಗಕ್ಕೆ ಕಾರಣವಿತ್ತು. ಅವರು ಹೊಸ ಪಟ್ಟಿ ಬರೆಯಲೇ ಇಲ್ಲ, ನೀರಿನ ಪಾಳಿಯ ಪಟ್ಟಿಯನ್ನೇ ನಕಲು ಮಾಡಿದರು. ಅದರಿಂದಾಗಿ ಬೆಳಿಗ್ಗೆ ಎಂಟರಿಂದ ಹತ್ತರ ಪಾಳಿ ಕಾಡಸಿದ್ದನಿಗೂ, ಹತ್ತರಿಂದ ಹನ್ನೆರಡರ ಪಾಳಿ ನಿವೃತ್ತ ಬಸ್ ಕಂಡಕ್ಟರ್ ರಾಜಾರಾಮನಿಗೂ ಬಂತು. ಇವರಿಬ್ಬರದು ಒಂದೇ ಬದುವಿನ ಆಚೀಚಿನ ಹೊಲ. ಇಪ್ಪತ್ತು ನಿಮಿಷದ ನೀರಿನ ಸಲುವಾಗಿ ಹನ್ನೊಂದು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಮಾತಿಲ್ಲ ಎಂದರೆ ನೇರ ಮಾತಿಲ್ಲ. ಇನ್ನೊಬ್ಬನಿಗೆ ಕೇಳಿಸುವಂತೆ ಮೂರನೆಯವರೊಡನೆ ಬೇಕಾದಷ್ಟು ಮಾತಾಡುತ್ತಿದ್ದರು.

ಪಾಳಿ ಬದಲಾಗುವ ಹೊತ್ತನ್ನು ಯಾವ ಗಡಿಯಾರದಿಂದ ನಿರ್ಧರಿಸಬೇಕು ಎಂಬ ಪ್ರಶ್ನೆಗೂ ನೀರಾವರಿ ಸಂಘದಲ್ಲಿ ಉತ್ತರ ತಯಾರಿತ್ತು. ಅಲ್ಲಿ ಪಂಪ್‌ಹೌಸಿನ ಗೋಡೆಯ ಗಡಿಯಾರ ಒಂದಕ್ಕೇ ಮಾನ್ಯತೆ. ಕೈಗಡಿಯಾರ ತೋರಿಸಲು ಬಂದವರಿಗೆ ಮುರಗೆಪ್ಪ, “ನಿನ್ನ ಗಡಿಯಾರ ನಿನ್ನ ಕೈಯಾಗ ಇರ್ಲಿ” ಎನ್ನುತ್ತಿದ್ದರು. ಇಲ್ಲಿ ಡಬ್ಬಿಯ ಪರದೆಯ ಮೂಲೆಯಲ್ಲೇ ಗಡಿಯಾರವಿತ್ತು. ಅದೇ ಕಾಯಂ ಆಯಿತು. ಊರು ಆ ಕಂಪ್ಯೂಟರನ್ನು ಡಬ್ಬಿ ಎಂದು ಕರೆಯಲು ಶುರುಮಾಡಿದ್ದೂ ಆಗಲೇ.

ಧೂಳಪ್ಪನವರ ಮಗಳು ಕೋಮಲ ಚಿಕ್ಕೋಡಿಯ ಕಾಲೇಜೊಂದರಲ್ಲಿ ಲ್ಯಾಬ್ ಸಹಾಯಕಿ. ಕರ್ನಲ್ಲಿನ ಮೂಲವನ್ನು ಸಿ.ಡಿ.ಯಲ್ಲಿ ತಂದುಕೊಟ್ಟವಳು, ಅದನ್ನು ಡಬ್ಬಿಯಲ್ಲೇ ಕಟ್ಟಿಸಿದವಳು ಅವಳೇ. ಕಟ್ಟಲು ಮೂವತ್ತೊಂದು ತಾಸು ಹಿಡಿಯಿತು. ಪರೀಕ್ಷೆಯನ್ನೂ ಅವಳೇ ಹೊಂದಿಸಿದಳು. ಎರಡು ತಾಸು ಡಬ್ಬಿಗೆ ಉಸಿರಾಡಲು ಬಿಡದಷ್ಟು ಕೆಲಸ, ಮುಂದಿನ ಎರಡು ತಾಸು ಹಗುರ, ಮತ್ತೆ ಭಾರ, ಮತ್ತೆ ಹಗುರ. ಮೊಬೈಲ್ ನೋಡಿ ಗಡಿಯಾರ ಸರಿಮಾಡಿ, ಅವಳು ಚಿಕ್ಕೋಡಿಯ ಬಸ್ಸು ಹತ್ತಿದಳು. ಕರೆಂಟು ಹೋದರೆ ಇರಲಿ ಎಂದು ಮುರಗೆಪ್ಪ ಎರಡು ಇನ್ವರ್ಟರ್, ಒಂದು ಟ್ರ್ಯಾಕ್ಟರ್ ಬ್ಯಾಟರಿ ಸಂಗ್ರಹಿಸಿದರು.

ಧೂಳಪ್ಪ ಕೋಮಲಳ ಹಳೆಯ ಬಿಳಿ ಕೋಟು ತೊಟ್ಟು ಬಾಗಿಲಲ್ಲಿ ನಿಂತರು. ತೋಳು ಮೊಣಕೈಗೆ ಸ್ವಲ್ಪ ಕೆಳಗೆ ಮುಗಿಯುತ್ತಿತ್ತು. ಪ್ರಯೋಗಾಲಯ ಎಂದ ಮೇಲೆ ಏನಾದರೂ ನಿಷೇಧ ಇರಬೇಕೆಂದು ಅನಿಸಿ, ಮೊಬೈಲ್ ಮತ್ತು ಕೈಗಡಿಯಾರ ಒಳಗೆ ತರುವಂತಿಲ್ಲ ಎಂದು ಘೋಷಿಸಿದರು. ಬಾಗಿಲಲ್ಲಿ ಒಂದು ಬುಟ್ಟಿ ಇಟ್ಟರು.

ಫೆಬ್ರುವರಿ ನಾಲ್ಕು, ಬುಧವಾರ, ಬೆಳಿಗ್ಗೆ ಎಂಟಕ್ಕೆ ಹೊಳೆಯಾಚೆಯ ಸಕ್ಕರೆ ಕಾರ್ಖಾನೆಯ ಭೋಂಗಾ ಕೂಗಿತು. ಕಾರ್ಖಾನೆ ಪಾಳಿ ಬದಲಾಗುವುದನ್ನು ಸಾರುವ ಈ ಕೂಗು ಎಂಟಕ್ಕೊಂದು, ನಾಲ್ಕಕ್ಕೊಂದು, ನಡುರಾತ್ರಿಗೊಂದು, ಕಬ್ಬು ಅರೆಯುವ ಹಂಗಾಮು ಪೂರ್ತಿ ಊರಿಗೆ ಕೇಳುತ್ತದೆ. ಮುರಗೆಪ್ಪ ಕಾಯಿ ಒಡೆದರು. ಕಾಯಿನೀರು ಡಬ್ಬಿಯ ಮೇಲೆ ಬೀಳದಂತೆ ಧೂಳಪ್ಪ ಕೋಟು ಅಡ್ಡ ಹಿಡಿದರು. ಕಾಡಸಿದ್ದ ಕುರ್ಚಿಯಲ್ಲಿ ಕುಳಿತ.

ಮೊದಲ ದಿನ ವಿಶೇಷವೇನೂ ಘಟಿಸಲಿಲ್ಲ. ಮುಂದಿನ ಪಾಳಿಯವರು ಬಂದು ಬಾಗಿಲಲ್ಲಿ ಐದಾರು ನಿಮಿಷ ಕಾಯಬೇಕಾಯಿತು, ಅಷ್ಟೇ. ಗುರುವಾರ ಹತ್ತು ನಿಮಿಷ ಕಾದರು. ಶುಕ್ರವಾರ ಇಪ್ಪತ್ತು ನಿಮಿಷ ಕಾದರು. ಬಾಗಿಲಲ್ಲಿ ಚಾಪೆ ಹಾಸಬೇಕಾಯಿತು.

“ಮುರಗೆಪ್ಪಣ್ಣಾ, ಮೊಬೈಲ್‌ನಾಗ ಹತ್ತೂ ಇಪ್ಪತ್ತು ಆಗೇತಿ,” ಎಂದ ರಾಜಾರಾಮ. “ಒಳಗ ಕುಂತಾವರು ಇನ್ನೂ ಏಳವಲ್ಲರು.”

“ಮೊಬೈಲ್ ಟೈಮ್ ಎಲ್ಲಿಂದ ಬರ್ತೈತಿ?”

“ಟಾವರ್‌ದಿಂದ.”

“ಟಾವರ್ ಎಲ್ಲಿ ಐತಿ?”

“ಹೊಳಿ ಆಚಿ.”

“ಆತಲ್ಲ ಮತ್ತ,” ಎಂದರು ಮುರಗೆಪ್ಪ. ಏನು ಆಯಿತು ಎಂದು ರಾಜಾರಾಮನಿಗೆ ತಿಳಿಯಲಿಲ್ಲ. ಆದರೆ ಮುರಗೆಪ್ಪ ಅದನ್ನು ಹೇಳಿದ ರೀತಿಗೆ ಎದುರು ಮಾತಾಡುವುದು ಯಾರಿಗೂ ಸಾಧ್ಯವಿರಲಿಲ್ಲ.

ಬಿಳಿ ಕೋಟಿನೊಳಗಿಂದ ಧೂಳಪ್ಪ ಖಚಿತವಾಗಿ ಹೇಳಿದರು: “ಇದು ಲ್ಯಾಬೋರೇಟರಿ ಟೈಮ್. ಇದರಾಗ ಫರಕ ಬರೂದುಲ್ಲ.”

ಈ ಒಂದು ವಾಕ್ಯದ ಪರಿಣಾಮ ದೂರ ಹೋಯಿತು. ಶುಕ್ರವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಚಹದಂಗಡಿಯವನು ತನ್ನ ಗಡಿಯಾರವನ್ನು ಡಬ್ಬಿಗೆ ಹೊಂದಿಸಿಕೊಂಡ. ಶನಿವಾರ ಆ ಗಡಿಯಾರ ನೋಡಿಕೊಂಡು ನಿಧಾನವಾಗಿ ಚಹ ಕುಡಿದ ಮೂವರಿಗೆ ರಾಯಬಾಗದ ಬಸ್ಸು ತಪ್ಪಿತು. ಬಸ್ಸು ಹದಿನೆಂಟು ನಿಮಿಷ ಮೊದಲೇ ಹೋಯಿತು ಎಂದು ಮೂವರೂ ಅರ್ಜಿ ಬರೆದು ಸಹಿ ಮಾಡಿದರು. ಶನಿವಾರ ಸಂಜೆ ಭೋಂಗಾ ಕೂಗಿದಾಗ ಡಬ್ಬಿಯಲ್ಲಿ ಇನ್ನೂ ಮೂರೂವರೆ. ಮುರಗೆಪ್ಪನವರ ತಾಳ್ಮೆ ಮುಗಿಯಿತು. ಕಾರ್ಖಾನೆಯ ಟೈಮ್ ಆಫೀಸಿಗೇ ಫೋನು ಮಾಡಿದರು. ಎತ್ತಿದವನು ಸಮ್ಮೇದ ಎಂಬ ಗುಮಾಸ್ತ. ಎಲ್ಲರಿಗೂ ಕೇಳಲೆಂದು ಮುರಗೆಪ್ಪ ಸ್ಪೀಕರ್ ಒತ್ತಿದರು.

“ನಿಮ್ಮ ಭೋಂಗಾ ಅರ್ಧ ತಾಸು ಮುಂಚೆ ಕೂಗಾಕತ್ತೈತ್ರಿ.”

“ಎಲ್ಲಿಂದ ಮಾತಾಡ್ತೀರಿ?”

“ದಿಗ್ಗೇವಾಡಿಯಿಂದ್ರಿ.”

“ದಿಗ್ಗೇವಾಡಿಗೆ ಅಷ್ಟ ಮುಂಚೆ ಕೇಳಾಕತ್ತೈತೋ, ಎಲ್ಲಾ ಊರಿಗೂ ಹಂಗ ಐತೋ?”

“ಉಳಿದ ಊರಾಗ ಲ್ಯಾಬೋರೇಟರಿ ಇಲ್ಲರಿ. ಅವರಿಗೆ ಗೊತ್ತಾಗೂದುಲ್ಲ.”

“ಹಂಗಿದ್ರ ನಾವು ಎಂಟನೂರು ಮಂದಿ ದಿನಾ ಅರ್ಧ ತಾಸು ಲಗೂನ ಮನಿಗೆ ಹೊಂಟೀವಿ ಅಂದಂಗಾತು. ಕಾಕಾ, ಕಾಲ ಹಿಡಕೋತೀನಿ, ಇದನ್ನ ನಮ್ಮ ಸಾಹೇಬರಿಗೆ ಹೇಳಬ್ಯಾಡ್ರಿ,” ಎಂದು ಸಮ್ಮೇದ ಫೋನಿಟ್ಟ.

ಕಾರ್ಖಾನೆ ತಪ್ಪು ಒಪ್ಪಿಕೊಂಡಿದೆ ಎಂದು ಊರು ಇದನ್ನು ಅರ್ಥಮಾಡಿಕೊಂಡಿತು.

ಒಪ್ಪದವರು ಒಬ್ಬರೇ, ರಾಜಾರಾಮನ ತಾಯಿ ಅಕ್ಕುತಾಯಿ. ವಯಸ್ಸು ಎಪ್ಪತ್ತಾರು. ಆ ಭೋಂಗಾ ಶುರುವಾದ ಹಂಗಾಮಿನಿಂದ ಈವರೆಗೆ ಎದ್ದದ್ದು, ಉಂಡದ್ದು, ಗುಳಿಗೆ ನುಂಗಿದ್ದು ಎಲ್ಲ ಅದರ ಕೂಗಿಗೆ. ಮಧ್ಯಾಹ್ನ ಎರಡರಿಂದ ನಾಲ್ಕರ ಪಾಳಿ ಅವರದು. ಐದನೆಯ ದಿನ, ಭಾನುವಾರ, ಎರಡಕ್ಕೆ ಸರಿಯಾಗಿ ಬಂದರು. ಡಬ್ಬಿಯಲ್ಲಿ ಎರಡು ಆಗಿಲ್ಲವೆಂದು ಚಾಪೆಯ ಮೇಲೆ ಕೂರಿಸಲಾಯಿತು. ಡಬ್ಬಿಯಲ್ಲಿ ಎರಡಾದ ಮೇಲೆ ಒಳಗೆ ಹೋದರು. ಭೋಂಗಾ ಕೂಗಿತು. ಅಕ್ಕುತಾಯಿ ಸೆರಗು ಸರಿಮಾಡಿಕೊಂಡು, ಎದ್ದು, ಮನೆಗೆ ಹೋದರು.

ಚಹ ತಂದ ಗೌರಾಬಾಯಿ ಖಾಲಿ ಕುರ್ಚಿ ನೋಡಿದರು. ಡಬ್ಬಿಯಲ್ಲಿ ಮೂರು ಇಪ್ಪತ್ತಾರು.

“ಲ್ಯಾಬೋರೇಟರಿ ಬಿಟ್ಟು ಎಲ್ಲಾರೂ ಓಡಿ ಹೋಗ್ಯಾರ್ರಿ!” ಎಂದು ಅವರು ಕೂಗಿದ್ದು ಬಸ್‌ಸ್ಟ್ಯಾಂಡಿಗೆ ಕೇಳಿಸಿತು.

ಹತ್ತು ನಿಮಿಷದಲ್ಲಿ ಧೂಳಪ್ಪನವರ ಅಂಗಳ ತುಂಬಿತು. ಅಖಂಡ ಪಹರೆ ಮುರಿದಿತ್ತು. ವೀಣೆ ನೆಲ ಮುಟ್ಟಿದಷ್ಟೇ ದೊಡ್ಡ ಪ್ರಮಾದ ಎಂದು ಮುರಗೆಪ್ಪ ತಲೆಯ ಮೇಲಿನ ಟೋಪಿ ತೆಗೆದು ಮಡಚಿದರು. ಧೂಳಪ್ಪ ಬಿಳಿ ಕೋಟಿನಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತಿದ್ದರು. ಏಳು ದಿನವೂ ಪರದೆಯ ಮುಂದೆ ಒಬ್ಬರು ಇದ್ದರು ಎಂದು ಇನ್ನು ಬರೆಯುವ ಹಾಗಿಲ್ಲ. ಬರೆಯದಿದ್ದರೆ ಡಬ್ಬಿ ಉಳಿಯುವುದಿಲ್ಲ. ಕುನಾಲನ ಟೆಂಪೋದ ಹಾರ್ನು ಅವರ ಕಿವಿಯಲ್ಲಿ ಆಗಲೇ ಕೇಳತೊಡಗಿತ್ತು.

ಅಕ್ಕುತಾಯಿಯನ್ನು ಕರೆಸಲಾಯಿತು.

“ಆಯೀ, ಯಾಕ ಎದ್ದು ಹ್ವಾದ್ರಿ?” ಎಂದರು ಮುರಗೆಪ್ಪ.

“ನಾಕ ಆತು, ಎದ್ದೆ.”

“ಡಬ್ಬ್ಯಾಗ ಮೂರೂ ಇಪ್ಪತ್ತೊಂದು ಆಗಿತ್ತು.”

“ಡಬ್ಬಿ ನಿನ್ನೆ ಬಂದೈತಿ. ಭೋಂಗಾ ನಿನಗಿಂತ ಮೊದಲ ಬಂದೈತಿ.”

ಕಾಡಸಿದ್ದ ಇಂಥ ಅವಕಾಶಕ್ಕೆ ಹನ್ನೊಂದು ವರ್ಷದಿಂದ ಕಾದಿದ್ದ. ರಾಜಾರಾಮನತ್ತ ನೋಡದೆ, ಅಂಗಳದಲ್ಲಿ ಕಟ್ಟಿದ್ದ ಆಕಳಿಗೆ ಹೇಳುವವನಂತೆ ಹೇಳಿದ: “ಕಂಡಕ್ಟರ್ ಮನಿತನಾನ ಹಿಂಗ. ಮಗ ಗಡಿಯಾರಕ್ಕ ಕೈ ಹಚ್ಚಿ ನನ್ನ ಪಾಳಿ ಉದ್ದ ಮಾಡ್ತಾನ, ಅವ್ವ ತನ್ನ ಪಾಳಿ ಗಿಡ್ಡ ಮಾಡಕೊಂಡು ಹೋಗ್ತಾಳ. ದಿನಾ ಒಂದೂವರಿ ನಿಮಿಷ ಹೆಚ್ಚಿಗಿ ಕುಂತೀನಿ ನಾ!”

“ಒಂದೂವರಿ ನಿಮಿಷ ಅಂತ ಹೆಂಗ ಗೊತ್ತಾತು?” ಎಂದರು ಮುರಗೆಪ್ಪ. “ಗಡಿಯಾರ ಬುಟ್ಟ್ಯಾಗ ಇಡೂ ರೂಲ್ ಐತಿ.”

ಕಾಡಸಿದ್ದ ಧೋತರದ ಗಂಟಿನಿಂದ ಒಂದು ಕೈಗಡಿಯಾರವನ್ನೂ ಒಂದು ಸಣ್ಣ ವಹಿಯನ್ನೂ ತೆಗೆದ. “ನಂಬಿಕಿ ಇಲ್ಲದವರ ಹಿಂದ ಪಾಳಿ ಬಂದ್ರ ಏನ ಮಾಡ್ಲಿ? ದಿನಾ ಬರದೀನಿ. ಸೆಕೆಂಡ್ ಸುದ್ದಾ.”

ಅಂಗಳ ದಂಗಾಯಿತು. ಅದು ಚೇತರಿಸಿಕೊಳ್ಳುವಷ್ಟರಲ್ಲಿ ರಾಜಾರಾಮ ತನ್ನ ಎಲೆ-ಅಡಿಕೆಯ ಚೀಲಕ್ಕೆ ಕೈ ಹಾಕಿ ಇನ್ನೊಂದು ಗಡಿಯಾರ, ಇನ್ನೊಂದು ವಹಿ ಹೊರತೆಗೆದ.

“ನಾನೂ ಬರದೀನಿ,” ಎಂದ. “ಮೂವತ್ತೆರಡು ವರ್ಷ ಬಸ್ಸಿನ ಟೈಮ್ ಬರದಾವ. ಗಡಿಯಾರಕ್ಕ ಕೈ ಹಚ್ಚಿದ್ರ ಕೈ ಸೇದಿ ಹೋಗ್ಲಿ!”

ಚಿಕ್ಕೋಡಿಯಿಂದ ಅದೇ ಆಗ ಬಂದು ಗೇಟಿನಲ್ಲಿ ನಿಂತಿದ್ದ ಕೋಮಲ ಚಪ್ಪಲಿಯನ್ನೂ ಬಿಡದೆ ಬಂದು ಎರಡೂ ವಹಿಗಳನ್ನು ಇಸಿದುಕೊಂಡಳು. ಕಟ್ಟೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟಳು. ಎರಡರ ಮೇಲೂ ಒಂದೊಂದು ಬೆರಳು ಇಟ್ಟು ಓದಿದಳು. ಅವಳ ಮುಖ ಬದಲಾಯಿತು.

“ಕಾಡಸಿದ್ದ ಮಾಮಾ ಎದ್ದ ಟೈಮ್, ಬುಧವಾರ ಹತ್ತು ಗಂಟಿ ಒಂದೂವರಿ ನಿಮಿಷ. ರಾಜಾರಾಮ ಕಾಕಾ ಕುಂತ ಟೈಮ್, ಹತ್ತು ಗಂಟಿ ಒಂದೂವರಿ ನಿಮಿಷ. ಗುರುವಾರ ಹತ್ತೂವರಿ ನಿಮಿಷ, ಇಲ್ಲೂ ಹತ್ತೂವರಿ. ಇವತ್ತ ಮುವ್ವತ್ತೇಳೂವರಿ, ಇಲ್ಲೂ ಮುವ್ವತ್ತೇಳೂವರಿ.”

ಹನ್ನೊಂದು ವರ್ಷದಲ್ಲಿ ಆ ಇಬ್ಬರು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಇಬ್ಬರಿಗೂ ಬಹಳ ಮುಜುಗರವಾಯಿತು.

“ಯಾರೂ ಕೈ ಹಚ್ಚಿಲ್ಲ,” ಎಂದಳು ಕೋಮಲ. “ರಾಜಾರಾಮ ಕಾಕಾನ ಪಾಳಿ ದಿನಾ ಬರೋಬ್ಬರಿ ಎರಡು ತಾಸು. ಮಾಮಾನ ಪಾಳಿ ದಿನಾ ಎರಡು ತಾಸು ಒಂದೂವರಿ ನಿಮಿಷ. ಮಾಮಾ ಕುಂತಾಗ ಡಬ್ಬಿಗೆ ಕೆಲಸ ಭಾಳ, ಕಾಕಾ ಕುಂತಾಗ ಹಗುರ. ಮುರಗೆಪ್ಪ ಕಾಕಾ, ಪಂಪ್‌ಹೌಸ್‌ನಾಗ ನೀರು ಬಿಡೂ ಪಾಟಕರಿ ಒಬ್ಬಾವ ಇದ್ದಾನಂತ ಇಟಗೋರಿ. ಎಂಟು ಮಂದಿ ಒಮ್ಮಿಗೇ ಬಂದು ನನಗ ನೀರು ಬಿಡು, ನನಗ ನೀರು ಬಿಡು ಅಂತ ಗಂಟ ಬಿದ್ರ ಅವ ಗಡಿಯಾರ ನೋಡ್ತಾನೇನ್ರಿ?”

“ಎಲ್ಲಿ ನೋಡ್ತಾನವ್ವಾ, ಜೀವಾ ಉಳಸಕೊಂಡ್ರ ಸಾಕು.”

“ಇದೂ ಹಂಗ. ಡಬ್ಬಿ ಒಳಗಿನ ಕರ್ನಲ್ ಅಂದ್ರ ಪಾಟಕರಿ. ಕೆಲಸ ಭಾಳ ಬಂದಾಗ ಸೆಕೆಂಡ್ ಎಣಸೂದು ಮರೀತೈತಿ. ನಾವು ಹುಡುಕೂ ದೋಷಾನ ಇದು. ಇದ ಸಿಕ್ಕೈತಿ!”

ಐದು ದಿನ ಧೂಳಪ್ಪನವರು ವಿವರಿಸಿದರೂ ತಿಳಿಯದ ವಿಷಯ ಅಂಗಳದಲ್ಲಿದ್ದ ನಲವತ್ತು ಜನಕ್ಕೆ ಅರ್ಧ ನಿಮಿಷದಲ್ಲಿ ತಿಳಿಯಿತು. ಒಂದು ನಿಮಿಷದ ನೀರಿಗೆ ಹಾರೆ ಎತ್ತಬಲ್ಲ ಜನ ಅವರು. ಒಂದೂವರೆ ನಿಮಿಷ ಎಂದರೇನು ಎಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

“ಅಂದ್ರ ಪಾಟಕರಿ ಕಳ್ಳ ಅಲ್ಲ,” ಎಂದ ಕಾಡಸಿದ್ದ ನಿಧಾನವಾಗಿ.

“ಕಳ್ಳ ಅಲ್ಲ,” ಎಂದ ರಾಜಾರಾಮ. “ಕೈ ತುಂಬಿರ್ತಾವ.”

ಇದು ಮೂರನೆಯವರ ಮೂಲಕ ಹೋಗದೆ ನೇರವಾಗಿ ಆಡಿದ ಮಾತು ಎಂಬುದನ್ನು ಇಬ್ಬರೂ ಗಮನಿಸಲಿಲ್ಲ. ಉಳಿದವರೆಲ್ಲ ಗಮನಿಸಿದರು.

“ಹಂಗಾರ ಪಹರೆ ನಾ ಮುರದಿಲ್ಲ?” ಎಂದರು ಅಕ್ಕುತಾಯಿ.

“ಇಲ್ಲ ಆಯಿ,” ಎಂದಳು ಕೋಮಲ. “ನೀವು ಎದ್ದಿದ್ದಕ್ಕ ಗೊತ್ತಾತು.”

ಇನ್ನು ವರದಿ ಬರೆಯಬೇಕಿತ್ತು. ಕಾಲವನ್ನು ಅಳೆದದ್ದು ಪ್ರಯೋಗಾಲಯದ ಯಾವ ಉಪಕರಣದಿಂದ ಎಂದು ಕಾಣಿಸಬೇಕಿತ್ತು. ‘ಉನ್ನತ ಮಟ್ಟದ ಸ್ವಿಸ್ ಉಪಕರಣ’ ಎಂದು ಧೂಳಪ್ಪ ಶುರುಮಾಡಿದರು. ಕೋಮಲ ಅವರ ಕೈಯಿಂದ ತನ್ನ ಲ್ಯಾಪ್‌ಟಾಪ್ ಎಳೆದುಕೊಂಡಳು.

“ಅಪ್ಪಾ, ಖರೇ ಹೇಳು. ನಾ ಬರೀತೀನಿ.”

ಧೂಳಪ್ಪ ಬಿಳಿ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ಹೇಳುತ್ತಾ ಹೋದರು. ಇಲ್ಲಿ ಪ್ರಯೋಗಾಲಯ ಇಲ್ಲ. ಜೋಳದ ಕೋಣೆ ಇದೆ. ಅದರಲ್ಲಿ ನನ್ನ ಹೆಂಡತಿ ಶ್ಯಾವಿಗೆ ಮಷೀನು ಇಡುವವಳಿದ್ದಾಳೆ. ಸಿಬ್ಬಂದಿ ಎಂದರೆ ಊರಿನ ರೈತರು. ಮೂಲ ಗಡಿಯಾರ ಸಕ್ಕರೆ ಕಾರ್ಖಾನೆಯ ಭೋಂಗಾ. ಅಳತೆಯ ಉಪಕರಣಗಳು ಎರಡು, ಒಂದು ಧೋತರದ ಗಂಟಿನಲ್ಲಿತ್ತು, ಒಂದು ಎಲೆ-ಅಡಿಕೆಯ ಚೀಲದಲ್ಲಿತ್ತು. ಎರಡರ ಒಡೆಯರಿಗೂ ಪರಸ್ಪರ ನಂಬಿಕೆ ಇಲ್ಲದ್ದರಿಂದ ಅಳತೆ ಖಚಿತವಾಗಿದೆ.

ಬರೆದು ಕಳಿಸಿದ ಮೇಲೆ ಅವರು ಮಂಗಳವಾರದವರೆಗೆ ಸರಿಯಾಗಿ ಉಣ್ಣಲಿಲ್ಲ. ಡಬ್ಬಿ ಮಾತ್ರ ಏನೂ ಆಗದಂತೆ ನಡೆದೇ ಇತ್ತು, ತಡವಾಗಿ.

ಮಂಗಳವಾರ ಉತ್ತರ ಬಂತು. ಈ ದೋಷವಿದೆ ಎಂಬ ಸಂಶಯ ಒಂಬತ್ತು ವರ್ಷದಿಂದ ಇತ್ತು, ಹಿಡಿಯಲು ಯಾರಿಗೂ ಆಗಿರಲಿಲ್ಲ. ಏಕೆಂದರೆ ಬೇರೆಯವರ ಯಂತ್ರಗಳೆಲ್ಲ ಇಂಟರ್ನೆಟ್ಟಿಗೆ ಹೊಂದಿಕೊಂಡಿರುತ್ತವೆ. ಗಡಿಯಾರ ತಪ್ಪಿದ ಕೂಡಲೇ ಅಲ್ಲಿಂದ ತಾನೇ ಸರಿಯಾಗಿಬಿಡುತ್ತದೆ, ತಪ್ಪಿದ್ದು ಕಾಣುವುದೇ ಇಲ್ಲ. (ಡಬ್ಬಿಗೆ ಇಂಟರ್ನೆಟ್ ಇರಲಿಲ್ಲ. ಅದಕ್ಕೆ ಕೂಡುವ ಪಿನ್ನು ಚಿಕ್ಕೋಡಿಯಲ್ಲೂ ಸಿಕ್ಕಿರಲಿಲ್ಲ, ಅಥಣಿಯಲ್ಲೂ ಸಿಕ್ಕಿರಲಿಲ್ಲ.) ಕೊನೆಗೆ ಇನ್‌ಗ್ರಿಡ್ ಬರೆದಿದ್ದಳು: ‘ಇದು ಪ್ರಯೋಗಾಲಯ ಅಲ್ಲವಾದರೆ ಪ್ರಯೋಗಾಲಯ ಎಂದು ಯಾವುದನ್ನು ಕರೆಯಬೇಕೋ ನನಗೆ ತಿಳಿಯದು. ದುರಸ್ತಿ ಕಳಿಸಿದ್ದೇನೆ, ಎರಡೇ ಸಾಲು. ದಯವಿಟ್ಟು ಇನ್ನೊಮ್ಮೆ ಏಳು ದಿನ.’

ಮುರಗೆಪ್ಪ ಟೋಪಿ ಬಿಡಿಸಿ ತಲೆಯ ಮೇಲೆ ಇಟ್ಟುಕೊಂಡರು. ಎರಡನೆಯ ಪಹರೆಗೆ ಅದೇ ಪಟ್ಟಿ.

ಮೂವತ್ತೊಂದು ತಾಸು ಕರ್ನಲ್ ಮತ್ತೆ ಕಟ್ಟಿಕೊಂಡಿತು. ಆ ಬಿಡುವಿನಲ್ಲಿ ಕಾಡಸಿದ್ದ ಮತ್ತು ರಾಜಾರಾಮ ಇಬ್ಬರೂ, ಬೇರೆಬೇರೆ ದಾರಿಯಿಂದ, ಪಂಪ್‌ಹೌಸಿಗೆ ಹೋಗಿ ಎದುರುಬದುರಾದರು. ಇಬ್ಬರ ಕೈಯಲ್ಲೂ ಗಡಿಯಾರವಿತ್ತು. ದೊಡ್ಡ ಮೋಟಾರು ಶುರುಮಾಡಿಸಿ ನೋಡಿದರು. ಗೋಡೆ ನಡುಗಿತು, ಗೋಡೆಯ ಗಡಿಯಾರದೊಳಗಿನ ಸೆಲ್ಲು ಸಡಿಲಾಗಿ ಸೆಕೆಂಡಿನ ಮುಳ್ಳು ನಿಂತು ನಿಂತು ನಡೆಯಿತು. ಎರಡು ತಾಸಿನಲ್ಲಿ ಹತ್ತೊಂಬತ್ತು ನಿಮಿಷ ಹಿಂದೆ ಬಿತ್ತು. ಸೆಲ್ಲಿನ ಹಿಂದೆ ಒಂದು ಮಡಚಿದ ಕಾಗದ ತುರುಕಿದಾಗ ಸರಿಯಾಯಿತು.

“ಹತ್ತೊಂಬತ್ತ ಐತಿ,” ಎಂದ ಕಾಡಸಿದ್ದ. “ಇಪ್ಪತ್ತ ಅಂತ ಹನ್ನೊಂದು ವರ್ಷ ಒದರಿದಿ.”

“ಒಂದು ನಿಮಿಷ ಮಾಫ್ ಮಾಡು,” ಎಂದ ರಾಜಾರಾಮ.

ಎರಡನೆಯ ಪಹರೆ ಹದಿಮೂರನೇ ತಾರೀಖು ಶುರುವಾಯಿತು. ನಡುವೆ ಮಂಗಳವಾರ, ಆ ಕಡೆ ಹೊರಟಿದ್ದ ಕುನಾಲ ಡಬ್ಬಿಯನ್ನು ಹೇಗೂ ಒಯ್ಯುವುದೇ ಇದೆಯಲ್ಲ ಎಂದು ಎಂಟು ದಿನ ಮೊದಲೇ ಟೆಂಪೋ ನಿಲ್ಲಿಸಿದ. ಹನ್ನೆರಡರ ಪಾಳಿಯವರು ಮದುವೆಗೆ ಶಿರಗುಪ್ಪಿಗೆ ಹೋಗಿದ್ದರು. ಕುನಾಲನಿಗೆ ಬಾಯಿ ತೆರೆಯಲು ಆಸ್ಪದ ಕೊಡದೆ ಮುರಗೆಪ್ಪ ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ಎರಡು ತಾಸು ತಾನೇ ಮಾರಿದ ಗುಜರಿಯನ್ನು ನೋಡುತ್ತ ಕುಳಿತು, ಗೌರಾಬಾಯಿ ಕೊಟ್ಟ ಅವಲಕ್ಕಿ ತಿಂದು, ಖಾಲಿ ಟೆಂಪೋ ತಿರುಗಿಸಿಕೊಂಡು ಹೋದ.

ಇಪ್ಪತ್ತನೇ ತಾರೀಖು, ಶುಕ್ರವಾರ ಬೆಳಿಗ್ಗೆ, ಭೋಂಗಾ ಕೂಗಿದಾಗ ಡಬ್ಬಿಯಲ್ಲೂ ಎಂಟು. ಏಳು ದಿನ, ಎಂಬತ್ನಾಲ್ಕು ಪಾಳಿ, ಬಾಗಿಲ ಚಾಪೆಯ ಮೇಲೆ ಯಾರೂ ಕೂರಲಿಲ್ಲ.

ಇನ್‌ಗ್ರಿಡ್ ಇನ್ನೊಂದು ವಿಷಯ ಕೇಳಿದ್ದಳು. ಪರೀಕ್ಷಿಸಿದವರ ಹೆಸರನ್ನು ದುರಸ್ತಿಯ ಕೆಳಗೆ ಕಾಯಮ್ಮಾಗಿ ದಾಖಲಿಸುವುದು ಅವರ ಪದ್ಧತಿ, ಆ ಹೆಸರುಗಳನ್ನು ಕಳಿಸಬೇಕು. ಬದಲಿ ಕುಳಿತವರೂ ಸೇರಿ ಹತ್ತೊಂಬತ್ತು ಹೆಸರಾಯಿತು. ಮೊದಲ ಹೆಸರು ಯಾರದು ಎಂಬಲ್ಲಿ ಕಾಡಸಿದ್ದ-ರಾಜಾರಾಮರ ನಡುವೆ ಹೊಸ ವ್ಯಾಜ್ಯ ಹುಟ್ಟಿತು. ಮೊದಲು ಕುಳಿತವನು ತಾನು ಎಂದ ಕಾಡಸಿದ್ದ. ವಹಿಯಲ್ಲಿ ಅಕ್ಷರ ಚೆಂದ ಇರುವುದು ತನ್ನದು ಎಂದ ರಾಜಾರಾಮ. ಈ ಸಲ ಮಾತು ನೇರವಾಗಿಯೇ ನಡೆಯಿತು, ಎರಡು ದಿನ ನಡೆಯಿತು.

ಭಾನುವಾರ ಮಧ್ಯಾಹ್ನ ಧೂಳಪ್ಪನವರ ಅಂಗಳದಲ್ಲಿ ಸತ್ಕಾರ ಸಮಾರಂಭ. ಕಿಟಕಿಯಿಂದ ಎಲ್ಲರಿಗೂ ಕಾಣಲೆಂದು ಡಬ್ಬಿಯ ಪರದೆಯನ್ನು ಹೊರಕ್ಕೆ ತಿರುಗಿಸಲಾಗಿತ್ತು. ಕೋಮಲ ಇನ್‌ಗ್ರಿಡ್‌ಳ ಅಂತಿಮ ಮೇಲ್ ಓದಿದಳು. ಯಂತ್ರ ಉಳಿಯಿತು. ತೆಗೆದುಹಾಕುವ ಪಟ್ಟಿಯಿಂದ ಅದರ ಹೆಸರನ್ನೇ ತೆಗೆದುಹಾಕಲಾಗಿದೆ. ಗೌರಾಬಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಶ್ಯಾವಿಗಿ ಮಷೀನ ಪಡಸಾಲ್ಯಾಗ ಇಡೂಣ ತಗೋರಿ” ಎಂದರು. ಧೂಳಪ್ಪನವರು ಜೀವನದಲ್ಲಿ ಪಡೆದ ಅತ್ಯುನ್ನತ ಪ್ರಶಸ್ತಿ ಅದು.

ಆಮೇಲೆ ಹೆಸರುಗಳು. ನಾರ್ವೆಯವರು ಜಗಳ ಬೇಡವೆಂದು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಜೋಡಿಸಿದ್ದರು. ಎರಡು ಸಾಲಿನ ದುರಸ್ತಿ, ಅದರ ಕೆಳಗೆ ಹತ್ತೊಂಬತ್ತು ಸಾಲು ಹೆಸರು. ಅವುಗಳಲ್ಲಿ ಮೊದಲನೆಯದು ಅಕ್ಕುತಾಯಿ.

ಕಾಡಸಿದ್ದ ಮತ್ತು ರಾಜಾರಾಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುರಗೆಪ್ಪ ಶಾಲು ಎತ್ತಿಕೊಂಡು ಭಾಷಣ ಪ್ರಾರಂಭಿಸಿದರು. ಏತ ನೀರಾವರಿಯ ಸ್ಥಾಪನೆಯಿಂದ ಹಿಡಿದು ನಾರ್ವೆಯವರೆಗೆ ಬರುವ ಯೋಜನೆ ಇತ್ತು. ಸ್ಥಾಪನೆಯಲ್ಲೇ ಇದ್ದಾಗ ಭೋಂಗಾ ಕೂಗಿತು. ಎಲ್ಲರ ಕಣ್ಣೂ ಕಿಟಕಿಗೆ ಹೋದವು.

ಡಬ್ಬಿಯಲ್ಲಿ ನಾಲ್ಕು ಗಂಟೆ, ಸೊನ್ನೆ ನಿಮಿಷ, ಒಂಬತ್ತು ಸೆಕೆಂಡ್.

ಧೂಳಪ್ಪನವರ ಮುಖ ಬಿಳಿಚಿತು. “ಒಂಬತ್ತು ಸೆಕೆಂಡ್ ಫರಕ ಐತಿ!”

“ಅಪ್ಪಾ,” ಎಂದಳು ಕೋಮಲ, “ಕಾರ್ಖಾನಿ ಮೂರು ಕಿಲೋಮೀಟರ್ ಐತಿ. ಆವಾಜ ಹೊಳಿ ದಾಟಿ ಇಲ್ಲಿಗೆ ಬರಾಕ ಒಂಬತ್ತು ಸೆಕೆಂಡ್ ಬೇಕು. ಡಬ್ಬಿ ಬರೋಬ್ಬರಿ ಐತಿ.”

ಅಂಗಳದಲ್ಲಿ ಎದ್ದ ಚಪ್ಪಾಳೆಗೆ ಬೇವಿನ ಗಿಡದ ಕಾಗೆಗಳೆಲ್ಲ ಹಾರಿದವು. ಕಾಡಸಿದ್ದ ಕಿಸೆಯಿಂದ ವಹಿ ತೆಗೆದು ಒಂಬತ್ತು ಎಂದು ಬರೆದುಕೊಂಡ. ರಾಜಾರಾಮ ಅವನ ಭುಜದ ಮೇಲಿಂದ ಬಗ್ಗಿ, ಬರೆದದ್ದು ಸರಿ ಇದೆಯೋ ಇಲ್ಲವೋ ನೋಡಿದ.

ಶಾಲು ಹಿಡಿದ ಮುರಗೆಪ್ಪ ಅಕ್ಕುತಾಯಿಯ ಕಡೆ ತಿರುಗಿದರು. ಕುರ್ಚಿ ಖಾಲಿ ಇತ್ತು. ನಾಲ್ಕು ಆಗಿತ್ತು, ಅವರು ಆಗಲೇ ಗೇಟು ದಾಟಿದ್ದರು.